ದುರ್ಗಾಳ ಎತ್ತರ

ಅಂಬಾಬಾಯಿ ಒಮ್ಮೆ ಬೇಡ ಅಂದರೆ ಮುಗಿಯಿತು, ಬ್ರಹ್ಮ ಬಂದರೂ ಜಗ್ಗುವವಳಲ್ಲ. ೧೯೯೮ರಲ್ಲಿ ಕನ್ನಡ ಶಾಲೆಯ ಕುಸುಮಬಾಯಿ ಟೀಚರು ಧನಕವಡಿಯಲ್ಲಿ ಅವಳು ದುಡಿಯುತ್ತಿದ್ದ ಕಟ್ಟಡದ ಕೆಲಸದ ಜಾಗಕ್ಕೇ ಬಂದು ಕೇಳಿದರು: ನಿಮ್ಮ ಹನ್ನೆರಡು ವರ್ಷದ ಮಗಳು ದುರ್ಗಾಳನ್ನು ಭಾರ ಎತ್ತುವ ಕ್ರೀಡೆಯ ತರಬೇತಿಗೆ ಕಳಿಸಿ, ಹಾಸ್ಟೆಲ್ಲು, ಊಟ, ಓದು ಎಲ್ಲ ಪುಕ್ಕಟೆ. ತಗಡಿನ ಶೆಡ್ಡಿನ ಬಾಗಿಲಲ್ಲಿ ದುರ್ಗಾ ಕೇಳುತ್ತ ನಿಂತಿದ್ದಳು.

"ಬ್ಯಾಡ್ರಿ ಬಾಯಿ. ಈ ವಯಸ್ಸಿನಾಗ ಕಬ್ಬಿಣ ಎತ್ತಿದ್ರ ಎಲುಬು ಬೆಳಿಯಂಗಿಲ್ಲ. ನನ್ನಂಗ ಕುಳ್ಳಿ ಆದ್ರ ಆಕೀನ ಯಾರು ಲಗ್ನ ಮಾಡ್ಕೋತಾರ?"

"ಹಂಗೇನಿಲ್ಲವ್ವ. ಹಗುರದ್ದರಿಂದ ಸುರು ಮಾಡಿ, ಮುಂದ ನಿಂತು ಕಲಿಸಿದ್ರ ಎಲುಬು ಗಟ್ಟಿ ಆಗ್ತಾವ."

"ಹೆತ್ತಾಕಿ ನಾನೋ, ನೀವೋ?"

ಟೀಚರು ಮುಖ ಸಪ್ಪಗೆ ಮಾಡಿಕೊಂಡು ಹೋದರು. ದುರ್ಗಾ ಎರಡು ಹೊತ್ತು ಉಣ್ಣಲಿಲ್ಲ. ಅಂಬಾಬಾಯಿ ರೊಟ್ಟಿ ಮುಂದೆ ಸರಿಸಿದಳು, ಆದರೂ ಸೋಲಲಿಲ್ಲ.

ಮುಂದಿನ ರವಿವಾರ ಛಾವಣಿಗೆ ಸ್ಲ್ಯಾಬು ಹಾಕುವುದಿತ್ತು. ಆ ದಿನ ದೊಡ್ಡವರು ಚಿಕ್ಕವರು ಎನ್ನುವ ಭೇದವಿಲ್ಲ. ಕಾಂಕ್ರೀಟು ಗಟ್ಟಿಯಾಗುವುದರೊಳಗೆ ಮುಗಿಯಬೇಕು, ಮನೆಮಂದಿಯೆಲ್ಲ ಏಣಿ ಹತ್ತಬೇಕು. ಮೇಸ್ತ್ರಿ ಅಂಬಾರಾಯ ಕೂಗಿದ್ದೇ ತಡ, ಅಂಬಾಬಾಯಿ ಮಗಳ ತಲೆಗೆ ಸಿಂಬಿ ಇಟ್ಟು ಕಾಂಕ್ರೀಟು ತುಂಬಿದ ಬುಟ್ಟಿ ಹೊರಿಸಿದಳು. ಅದನ್ನು ಭಾರ ಅಂತ ಆಕೆ ಎಂದೂ ಎಣಿಸಿದವಳೇ ಅಲ್ಲ. ಅದು ಕೆಲಸ. ಹತ್ತನೆಯ ವಯಸ್ಸಿನಿಂದ ತಾನೂ ಹೊತ್ತವಳೇ.

ಮಧ್ಯಾಹ್ನ ದುರ್ಗಾಳ ಕಾಲು ಏಣಿಯಿಂದ ಜಾರಿತು. ಬುಟ್ಟಿಯ ಸಮೇತ ಬಿದ್ದಳು.

ಎಡಗಾಲಿನ ಮುರಿದ ಎಲುಬೇನೋ ಕೂಡಿತು. ಆದರೆ ವರ್ಷವಾಗುವುದರೊಳಗೆ ಬಲಗಾಲು ಬೆಳೆಯುತ್ತ ಹೋಯಿತು, ಎಡಗಾಲು ಅಲ್ಲೇ ನಿಂತಿತು. ಅಯ್ಯೋ, ನಡೆದರೆ ಹುಡುಗಿ ಒಂದು ಕಡೆ ವಾಲುತ್ತಿದ್ದಳು. ಆಸ್ಪತ್ರೆಯಲ್ಲಿ ವಿಜಾಪುರ ಕಡೆಯ ಡಾಕ್ಟರು ಎಕ್ಸ್-ರೇ ಹಿಡಿದು ಮೊಣಕಾಲಿನ ಹತ್ತಿರ ಬೆರಳಿಟ್ಟರು.

"ಎಲುಬು ಬೆಳಿಯೋ ಜಾಗಾ ಇದ. ಇಲ್ಲೇ ಪೆಟ್ಟು ಬಿದ್ದದ. ಬೀಳೂಮುಂದ ಏನರೆ ಹೊತ್ತಿದ್ಲೇನು?"



"ಇಲ್ರಿ. ಏಣಿ ಮ್ಯಾಲ ಆಡಾಕತ್ತಿದ್ದೆ. ಯವ್ವ ಬ್ಯಾಡಂದ್ರೂ ಕೇಳಲಿಲ್ಲ," ಅಂದಳು ದುರ್ಗಾ.

ಅಂಬಾಬಾಯಿ ಮಗಳ ಕಡೆ ತಿರುಗಿದಳು. ಈ ಮಗಳು ತನ್ನನ್ನು ಕಾಯುತ್ತಿದ್ದಾಳೆ!

"ಸುಳ್ಳರಿ ಸಾಹೇಬ್ರ! ನಾನೇ ಹೊರಿಸಿದ್ದೆ. ಇದೇ ಕೈಲೆ."

"ಎಷ್ಟು ಕಿಲೋ ಇತ್ತು?"

"ಯಾರು ತೂಗ್ಯಾರ್ರಿ," ಅಂದಳು ಅಂಬಾಬಾಯಿ. "ನಮ್ಮ ಬುಟ್ಟಿ ಯಾರರೆ ತೂಗ್ತಾರೇನ್ರಿ?"