ಫೋನ್ ಮಾಡಿ ಬಂದರೆ ಕೆಡದ ಪಂಪು

ನಮ್ಮ ಕುಡಿಯುವ ನೀರಿನ ಪಂಪು ಬಹಳ ಸಭ್ಯ ಯಂತ್ರ. ನೀರಿನ ಆಫೀಸಿನ ತಂತ್ರಜ್ಞನಾದ ನಾನು ರಿಪೇರಿಗೆ ಹೋದ ದಿನ ಅದು ಒಮ್ಮೆಯೂ ಕೆಟ್ಟದ್ದಿಲ್ಲ. ಹತ್ತಿರದ ಕಾಟ್ಟಿಕುಳಂ ಪೇಟೆಯಲ್ಲಿ ಬಸ್ ಹತ್ತಿ ನಾನು ಮನೆ ಸೇರಿದ ಎರಡನೇ ದಿನಕ್ಕೆ ಮತ್ತೆ ನಿಲ್ಲುತ್ತಿತ್ತು.

ವ್ಯವಸ್ಥೆ ಸರಳ. ಗುಡ್ಡದ ಮೇಲೆ, ಅರ್ಧ ನೆಲದೊಳಗಿರುವ ಸಿಮೆಂಟ್ ಟ್ಯಾಂಕ್. ಅಂಗಳದಷ್ಟು ಅಗಲವಾದ ಅದರ ಚಪ್ಪಡಿಯ ಮೇಲೆ ನೀರಿನ ಮಟ್ಟ ನೋಡುವ ಸೆನ್ಸರ್, ಅದಕ್ಕೆ ಕರೆಂಟ್ ಕೊಡುವ ಒಂದು ಹಳೆಯ ಬ್ಯಾಟರಿ, ಬ್ಯಾಟರಿ ತುಂಬಲು ಪುಸ್ತಕದಷ್ಟು ದೊಡ್ಡ ಸೋಲಾರ್ ಹಲಗೆ. ಸೆನ್ಸರಿನಿಂದ ಸಿಗ್ನಲ್ ಬಾರದಿದ್ದರೆ ಹೊಳೆಬದಿಯ ಪಂಪು ಓಡುವುದಿಲ್ಲ. ಎಲ್ಲವೂ ತಾನಾಗಿಯೇ ನಡೆಯುವುದರಿಂದ, ನಿಂತಾಗ ಬೈಯಲು ಒಬ್ಬರು ಬೇಕೆಂದು ನೀಲಿಯಕ್ಕನನ್ನು ಆಪರೇಟರ್ ಮಾಡಿದ್ದರು.

ಡಿಸೆಂಬರಿನಿಂದ ಪಂಪು ಆರು ಸಲ ನಿಂತಿತು. ನಾನು ಮೂರು ಸಲ ಹೋದೆ. ಸಂಜೆ ತರಗತಿಯಲ್ಲಿ ಕಲಿತದ್ದನ್ನೆಲ್ಲ ಪ್ರಯೋಗಿಸಿದೆ. ಸ್ಕ್ರೂಗಳನ್ನು ಬಿಗಿ ಮಾಡಿದೆ, ಬಿಗಿ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂದಿರುಗಿ ನೋಡಿದೆ. ಮೂರನೆಯ ಸಲ, ಯಾವುದನ್ನೂ ಬಿಡಬಾರದೆಂಬ ಶ್ರದ್ಧೆಯಿಂದ, ರಿಪೋರ್ಟಿನ ಕೊನೆಗೆ ಒಂದು ಸಾಲು ಸೇರಿಸಿದೆ: ‘ಆಪರೇಟರ್ ನೀಲಿಯವರ ಅಜಾಗ್ರತೆಯೂ ಕಾರಣವಾಗಿರಬಹುದು.’ ಉಳಿದ ನಾಲ್ಕು ಪುಟಗಳನ್ನು ಯಾರೂ ಓದಲಿಲ್ಲ. ಜಲ ಸಮಿತಿಯ ಅಧ್ಯಕ್ಷ ವೇಲಾಯುಧನ್ ಆ ಒಂದು ಸಾಲು ಓದಿ, ಬರುವ ಭಾನುವಾರದ ಸಭೆಯಲ್ಲಿ ನೀಲಿಯಕ್ಕನನ್ನು ಕೆಲಸದಿಂದ ತೆಗೆಯುವುದೆಂದು ನಿಶ್ಚಯಿಸಿದರು.

ನೀಲಿಯಕ್ಕ ಮೊದಲ ದಿನವೇ ಕಾರಣ ಹೇಳಿದ್ದಳು. ಅಧ್ಯಕ್ಷರು ಕಾಫಿ ಒಣಹಾಕಿದಾಗ, ಅದರಲ್ಲೂ ಮೋಡ ಕವಿದ ದಿನ, ಪಂಪು ನಿಲ್ಲುತ್ತದೆ ಎಂದಿದ್ದಳು. ನಾನು ವಿನಯದಿಂದ ತಲೆಯಾಡಿಸಿದ್ದೆ. ಕಂಪನಿ ಕೊಟ್ಟ ಪಟ್ಟಿಯಲ್ಲಿ ದೋಷಕ್ಕೆ ಮೂವತ್ತೊಂದು ಕಾರಣಗಳಿದ್ದವು, ಕಾಫಿ ಇರಲಿಲ್ಲ. ಎಲ್ಲಿ ಒಣಹಾಕಿದಾಗ ಎಂದು ನಾನು ಕೇಳಲೇ ಇಲ್ಲ.

ಶನಿವಾರ ಬೆಳಿಗ್ಗೆ ಮಂಜು ಮುಸುಕಿತ್ತು. ಪಂಪು ಮತ್ತೆ ನಿಂತಿದೆ ಎಂದು ನೀಲಿಯಕ್ಕ ತಿಳಿಸಿದಳು. ಹೋಗುವ ಮೊದಲು ಅಧ್ಯಕ್ಷರಿಗೆ ಫೋನ್ ಮಾಡಬೇಕೆಂಬುದು ನಿಯಮ. ಅವರ ದನಿ ಕೇಳಲು ಹೆದರಿ ನಾನು ಮಾಡದೆಯೇ ನೇರ ಟ್ಯಾಂಕಿಗೆ ಹೋದೆ. ನನ್ನ ಹೆದರಿಕೆ ಇನ್ನೊಬ್ಬರಿಗೆ ಉಪಯೋಗವಾದದ್ದು ಅದೊಂದೇ ಸಲ.

ಚಪ್ಪಡಿಯ ಮೇಲೆ ಕಾಫಿಯ ರಾಶಿ, ರಾಶಿಯ ಮೇಲೆ ನೀಲಿ ಬಣ್ಣದ ಟಾರ್ಪಾಲು. ಮಂಜಿನ ನೀರು ಜಾರಿಹೋಗಲೆಂದು ಟಾರ್ಪಾಲಿನ ನಡುವನ್ನು ಸೋಲಾರ್ ಹಲಗೆಯ ಮೇಲೆ ಎತ್ತಿ ಕಟ್ಟಿದ್ದರು. ಸರಿಯಾದ ಎತ್ತರ. ಕಂಪನಿಯವರು ಅದಕ್ಕೆಂದೇ ಇಟ್ಟಂತಿತ್ತು.

ಕಾಫಿ ಕೆದಕಲು ಬಂದ ಅಧ್ಯಕ್ಷರು ನನ್ನನ್ನು ಕಂಡು ನೊಂದುಕೊಂಡರು.

“ಒಂದು ಫೋನ್ ಮಾಡಿ ಬರ್ಬಾರ್ದಿತ್ತಾ ಮೋನೇ? ನೀನು ಬರುವ ದಿನ ಎಲ್ಲ ವಾರಿ, ಗುಡಿಸಿ, ತೊಳೆದಿಡ್ತೇನಲ್ಲ. ಆಫೀಸಿನವ್ರು ಬರುವಾಗ ಅಷ್ಟು ಮರ್ಯಾದೆ ಬೇಡ್ವಾ?”

ಮೋನೇ, ಅಂದರೆ ಮಗನೇ, ಎಂದ ಅವರ ಮಾತಿನಲ್ಲಿ ಕಪಟವಿರಲಿಲ್ಲ. ತಮ್ಮ ಟಾರ್ಪಾಲಿಗೂ ಪಂಪಿಗೂ ಇರುವ ಸಂಬಂಧ ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ನನ್ನ ಬಳಿ ಡಿಪ್ಲೊಮಾ ಇತ್ತು.

ಟಾರ್ಪಾಲು ತೆಗೆದೆವು. ಬಿಸಿಲು ಬಂದು ಗಂಟೆಯೊಳಗೆ ಕೆಳಗೆ ಪಂಪು ಗುಡುಗಿತು. ಒಂದೇ ಸಲ ನೋಡಿ ನಂಬುವ ಧೈರ್ಯ ನನಗಿಲ್ಲ. ಮತ್ತೆ ಮುಚ್ಚಿಸಿದೆ, ಮಧ್ಯಾಹ್ನದ ಹೊತ್ತಿಗೆ ಪಂಪು ನಿಂತಿತು. ಟಾರ್ಪಾಲಿನ ಒಂದು ತುದಿ ಹಿಡಿದು ಸಹಾಯ ಮಾಡಿದವರು ಅಧ್ಯಕ್ಷರೇ.

ಭಾನುವಾರ ಅವರೇ ನನ್ನ ಹೊಸ ರಿಪೋರ್ಟನ್ನು ಸಭೆಗೆ ಓದಿದರು. ‘ಸೋಲಾರ್ ಹಲಗೆ ಟಾರ್ಪಾಲಿನಿಂದ ಮುಚ್ಚಿಹೋಗಿತ್ತು’ ಎಂಬಲ್ಲಿಗೆ ನಿಲ್ಲಿಸಿ, ಇದು ಶುದ್ಧ ತಾಂತ್ರಿಕ ದೋಷ, ನೀಲಿ ಮುಂದುವರಿಯಲಿ, ಇನ್ನು ಜಾಗ್ರತೆಯಿಂದಿರಲಿ ಎಂದು ಕಾಗದ ಮಡಚಿದರು.

ಹಿಂದಿನ ಬೆಂಚಿನಿಂದ ನೀಲಿಯಕ್ಕ ಎದ್ದಳು. “ಟಾರ್ಪಾಲು ಯಾರದ್ದಂತ ಬರೀಲಿಲ್ವಾ ಸಾರೇ? ನನ್ನ ಹೆಸರು ಬರೆಯುವಾಗ ಪೆನ್ನಲ್ಲಿ ಶಾಯಿ ಇತ್ತಲ್ಲ.”

ಬರೆದಿದ್ದೆ. ಎರಡು ಸಲ ಹೊಡೆದುಹಾಕಿ, ಮೂರು ಸಲ ಬರೆದಿದ್ದೆ. ಕಾಗದವನ್ನು ಕೇಳಿ ತೆಗೆದುಕೊಂಡು ಮುಂದಿನ ಸಾಲು ಓದಿದೆ: “ಟಾರ್ಪಾಲು ಅಧ್ಯಕ್ಷರದು.” ನನ್ನ ದನಿ ನಡುವೆ ಒಮ್ಮೆ ಪಂಪಿನಂತೆಯೇ ನಿಂತಿತು. ಅಧ್ಯಕ್ಷರು ಫ್ಯಾನಿನ ಕಡೆ ನೋಡಿದರು.

ಆಮೇಲೆ ನೀಲಿಯಕ್ಕ ಹಳೆಯ ರಿಪೋರ್ಟನ್ನು ತಂದು ನನ್ನ ಮುಂದಿಟ್ಟಳು. ಎಲ್ಲರೆದುರು ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಹಾಕಿದೆ. ಅವಳು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಹೆಸರು ಇನ್ನೂ ಓದಲು ಬರುತ್ತದೆ ಎಂದಳು.

ಇನ್ನೊಮ್ಮೆ ಹೊಡೆದುಹಾಕಿದೆ.