ಸೂಜಿ ಹಿಡಿದ ಹನಿ

ನಾನು ಒಂದು ಸೂಜಿ. ಬಟ್ಟೆ ಹೊಲಿಯುವವನಲ್ಲ, ಕೀಟ ಚುಚ್ಚುವವನು. ಕಾರ್ಖಾನೆಯಲ್ಲಿ ಕೂದಲೆಳೆಯಂಥ ತಂತಿ ಕತ್ತರಿಸಿ ಮೂತಿ ಮಸೆದ ದಿನದಿಂದ ಚುಚ್ಚುಮಾತೇ ನನ್ನ ಮಾತೃಭಾಷೆ. ಮೊದಲ ಉದ್ಯೋಗ ಮಂಗಳೂರಿನ ಒಂದು ಕಾಲೇಜಿನಲ್ಲಿ, ಸತ್ತ ಚಿಟ್ಟೆಯ ಎದೆಯ ಮೇಲೆ. ವರ್ಷಗಟ್ಟಲೆ ಹೆಣ ಕಾದೆ. ಚಿಟ್ಟೆ ಪುಡಿಯಾದ ಮೇಲೆ ಸಂಶೋಧನೆ ಮಾಡುತ್ತಿದ್ದ ಶಮೀನಾ ನನ್ನನ್ನು ಎತ್ತಿಕೊಂಡಳು.

ಹಣ್ಣಿನ ನೊಣದ ಹೊಟ್ಟೆಯಲ್ಲಿ ನಿಮ್ಮ ಮೂತ್ರಪಿಂಡದ ಕೆಲಸ ಮಾಡುವ ನೂಲಿನಂಥ ನಾಳಗಳಿವೆ. ಅವು ನೀರು ಒಸರಬೇಕಾದರೆ ಒಂದು ಜೀನ್ ಅಪ್ಪಣೆ ಕೊಡಬೇಕು ಎಂಬುದು ಅವಳ ವಾದ. ಆ ಜೀನ್ ಕೆಟ್ಟರೆ ನೊಣ ಶುದ್ಧ ಜೀನ, ಹನಿಯೂ ಬಿಚ್ಚದು. ಇದನ್ನು ತೋರಿಸಲು ಅವಳು ನಾಳವನ್ನು ಜೀವಂತವಾಗಿ ಬಿಡಿಸಿ, ಎಣ್ಣೆಯೊಳಗೆ ಉಪ್ಪುನೀರಿನ ತೊಟ್ಟಿನಲ್ಲಿಟ್ಟು, ಒಂದು ತುದಿಯನ್ನು ಮೇಣದಲ್ಲಿ ನೆಟ್ಟ ನನ್ನ ಸೊಂಟಕ್ಕೆ ಸುತ್ತುತ್ತಿದ್ದಳು. ಒಸರಿದ್ದು ಹನಿಯಾಗಿ ನಿಲ್ಲಬೇಕು. ನಿಲ್ಲಲಿಲ್ಲ. ಒಳ್ಳೆಯ ಜೀನಿನದ್ದೂ ಕೆಟ್ಟದ್ದೂ ಒಂದೇ ಥರ ಮುಖ ಒಣಗಿಸಿ ಕೂತವು.

ಅವಳ ಗೈಡ್ ವಾಮನ ಪ್ರಭುಗಳ ಪ್ರಾಣವಿದ್ದದ್ದು ಮೈಕ್ರೋಸ್ಕೋಪಿನಲ್ಲಿ. ಕರಾವಳಿಯ ಸೆಕೆಗೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆಂದು ಏಸಿಯನ್ನು ನಂದಾದೀಪದಂತೆ ಕಾಯುತ್ತಿದ್ದರು. ಮೇ ತಿಂಗಳಲ್ಲೂ ಶಮೀನಾಗೆ ಸ್ವೆಟರ್. ಏಸಿಯ ಗೊರಗೊರ ಯಾವುದು, ಗುರುಗಳದ್ದು ಯಾವುದು ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ಅವರು ಹೇಳಿಯೇ ಬಿಟ್ಟರು: ಸಂಜೆಯೊಳಗೆ ಹನಿ ಕಾಣದಿದ್ದರೆ ಈ ಜೀನ್ ಬಿಟ್ಟು ಬೇರೆ ವಿಷಯ ಹಿಡಿಯಬೇಕು. ಅವಳ ವರ್ಷಗಳ ದುಡಿಮೆ ನೀರಿಲ್ಲದೆಯೇ ಕೊಚ್ಚಿಹೋಗುವುದರಲ್ಲಿತ್ತು.

ಶಮೀನಾ ಕ್ಯಾಂಟೀನಿಗೆ ಹೋಗಿ ಚಾ ಕುಡಿದು ಬಂದಳು. ಬರುವಾಗ ಬೆವರು ಸುರಿಯುತ್ತಿತ್ತು. ಕೂತ ಸ್ವಲ್ಪ ಹೊತ್ತಿಗೆ ನಿಂತೇಹೋಯಿತು. ಹಣೆ ಮುಟ್ಟಿಕೊಂಡವಳು ಹಾಗೆಯೇ ಎದ್ದಳು.

"ಸರ್, ಇಲ್ಲಿ ಕೂತ್ರೆ ನಂಗೇ ಬೆವರುದಿಲ್ಲ. ಪಾಪ, ನೊಣ ಎಂತ ಮಾಡುದು?"

"ಏಸಿಗೆ ಕೈ ಹಾಕ್ಬೇಡ ಮಾರಾಯ್ತಿ. ಬೂಷ್ಟು ಹಿಡಿದ್ರೆ ಯಾರು ತಿಕ್ಕುದು?"

"ನಾನೇ ತಿಕ್ತೇನೆ," ಎಂದು ಸ್ವಿಚ್ ಒತ್ತಿದಳು.

ಗೊರಗೊರ ನಿಂತಿತು. ಕೋಣೆಗೆ ಮಂಗಳೂರು ಬಂತು. ಅವಳು ಹೊಸ ನಾಳಗಳನ್ನು ಸುತ್ತಿದಳು: ನನಗೆ ಒಳ್ಳೆಯ ಜೀನಿನದ್ದು, ಪಕ್ಕದ ಸೂಜಿಗೆ ಕೆಟ್ಟದ್ದು, ಮೂರನೆಯವನಿಗೆ ಕೆಟ್ಟ ನೊಣದೊಳಕ್ಕೆ ಒಳ್ಳೆಯ ಜೀನನ್ನು ಮರಳಿ ಸೇರಿಸಿದ್ದು. ನನ್ನ ಸೊಂಟದ ನಾಳ ಮಿಡುಕಿತು. ಎಣ್ಣೆಯಲ್ಲಿ ಸಾಸಿವೆಯಷ್ಟೂ ಇಲ್ಲದ ಹನಿ ಮೂಡಿತು, ದುಂಡಗಾಯಿತು, ಮುತ್ತಾಯಿತು. ಪಕ್ಕದವನ ನಾಳ ಒಣಒಣ. ಮೂರನೆಯದ್ದು ತಡೆದು ತಡೆದು, ಕೊನೆಗೆ ಹನಿ ಬಿಟ್ಟಿತು.

ಪ್ರಭುಗಳು ಬಗ್ಗಿ ನೋಡಿದರು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಅವರ ಮೂಗಿನ ತುದಿಯಿಂದ ಬೆವರು ಮೇಜಿಗೆ ತೊಟ್ಟಿಕ್ಕಿತು. ಮೊದಲು ಲೆನ್ಸ್ ಒರೆಸಿದರು, ಆಮೇಲೆ ಮೂಗು.

"ನಂದೂ ಒಸರ್ತಾ ಉಂಟು," ಎಂದರು. "ನಿನ್ನ ಜೀನನ್ನು ಬಿಡ್ಲಿಕ್ಕಿಲ್ಲ ಇನ್ನು."

ಈಗ ನನ್ನ ಮೂತಿ ಮೊಂಡು, ಸೊಂಟ ಸೊಟ್ಟ. ಡಾಕ್ಟರ್ ಶಮೀನಾಳ ಮೇಜಿನ ಮೇಲೆ ಅದೇ ಮೇಣದ ತಟ್ಟೆಯಲ್ಲಿ ನಿವೃತ್ತ. ಮಾತು ಕೊಟ್ಟಂತೆ ಅವಳು ಇವತ್ತಿಗೂ ಲೆನ್ಸ್ ತಿಕ್ಕುತ್ತಾಳೆ. ನಾನು ಹುಟ್ಟಿದ್ದು ಹೆಣ ಹಿಡಿಯಲು. ಆದರೆ ಒಂದು ಮಧ್ಯಾಹ್ನ ನನ್ನನ್ನು ತಬ್ಬಿಕೊಂಡು ಜೀವ ಒಸರಿತು. ಸೆಕೆಯ ದಿನ ಅವಳ ಹಣೆಯಲ್ಲಿ ಹನಿ ಮೂಡಿದಾಗೆಲ್ಲ ನಾನು ಸೊಟ್ಟ ಸೊಂಟದಲ್ಲೇ ನೆಟ್ಟಗೆ ನಿಲ್ಲುತ್ತೇನೆ.