ಲೈನ್‌ಮನ್ ಅಂಬಪ್ಪನ ರಕ್ತ

"ರಕ್ತ ಮತ್ತ ಹೆಚ್ಚಾಗೈತಲ್ಲೋ ಅಂಬಪ್ಪಾ" ಎಂದು ಸಿಂಧನೂರಿನ ಡಾಕ್ಟರು ಮೂರನೆಯ ಸಲ ಹೇಳಿದಾಗ, ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಹೆಂಡತಿ ಗದ್ದೆಮ್ಮ ಗುರುಗುಂಟಾದ ಆಶಾ ಕಾರ್ಯಕರ್ತೆ. ರಕ್ತ ಕಡಿಮೆಯಿದೆ ಎಂದು ಮನೆಮನೆಗೆ ಕಬ್ಬಿಣದ ಗುಳಿಗೆ ಹಂಚುವವಳು. ರಕ್ತ ಹೆಚ್ಚಾಗುವುದೂ ಒಂದು ರೋಗವೆಂದು ಆ ಮನೆಯಲ್ಲಿ ಯಾರು ಕೇಳಿದ್ದಾರೆ!

"ದಪ್ಪಾದ ರಕ್ತ ಹೆಪ್ಪುಗಟ್ಟಿದ್ರ ಲಕ್ವಾ ಹೊಡೀತದ. ಇಂಜೆಕ್ಷನ್‌ನಿಂದ ರಕ್ತ ಏರತದ, ಅದನ್ನ ಇನ್ನಷ್ಟು ಕಡಿಮಿ ಮಾಡ್ತೀನಿ. ಮುಂದಿನ ಸಲನೂ ಇಳೀಲಿಲ್ಲಂದ್ರ ಬಂದ್. ಕಬ್ಬಿಣದ ಗುಳಿಗಿ ಏನರೆ ತಗೊಳ್ತೀಯೇನು?"

"ಇಲ್ರೀ ಸಾಹೇಬ್ರ, ದೇವ್ರಾಣಿ ಇಲ್ಲ."

ಬಂದ್ ಎಂಬ ಮಾತಿಗೆ ಅಂಬಪ್ಪನಿಗೆ ಹಳೆಯ ದಿನಗಳು ನೆನಪಾದವು. ಎರಡು ವರ್ಷದ ಹಿಂದೆ ಈ ಲೈನ್‌ಮನ್ ಕಂಬ ಹತ್ತಲಾಗದೆ ಬುಡದಲ್ಲೇ ಕೂತಿದ್ದ. ಗಡ್ಡ ತೆಳುವಾಗಿತ್ತು. ರಾತ್ರಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಗಂಡಸಿನ ಹಾರ್ಮೋನು ಮೈಯಲ್ಲಿ ಹುಟ್ಟುತ್ತಲೇ ಇಲ್ಲ ಎಂದರು ಡಾಕ್ಟರು. ಮೂರು ವಾರಕ್ಕೊಂದು ಇಂಜೆಕ್ಷನ್ ಬಿದ್ದ ಮೇಲೆ ಮನುಷ್ಯನಾದ. ಇದನ್ನು ಹೆಂಡತಿಗೆ ಹೇಳುವ ಗಂಡಸು ಯಾರು? ಮಸ್ಕಿಯಲ್ಲಿ ಆಫೀಸಿನ ಕೆಲಸವಿದೆ ಎಂದು ಬಸ್ಸು ಹತ್ತುತ್ತಿದ್ದ, ಮಸ್ಕಿ ಬಂದರೂ ಇಳಿಯದೆ ಸಿಂಧನೂರಿಗೆ ಹೋಗುತ್ತಿದ್ದ.

ಇಂಜೆಕ್ಷನ್ ಕಡಿಮೆಯಾದ ಮೇಲೆ ಕಾಲಿನ ಕಸುವು ಹೋಗಿತ್ತು. ಆದರೂ ರಕ್ತ ಏರುತ್ತಲೇ ಇತ್ತು. ಯಾಕೆ? ವಾಪಸು ಬಸ್ಸಿನಲ್ಲಿ ಲಿಂಗಸುಗೂರು ಬಂದರೂ ಬಡಪಾಯಿಗೆ ಅದು ಬಗೆಹರಿಯಲಿಲ್ಲ.

ಮನೆಗೆ ಬಂದಾಗ ಗದ್ದೆಮ್ಮ ಬಾಗಿಲಿಗೆ ಬೆನ್ನು ಮಾಡಿ ಅವನ ರೊಟ್ಟಿಗೆಂದು ಶೇಂಗಾ ಹಿಂಡಿ ಕುಟ್ಟುತ್ತಿದ್ದಳು. ಅವನು ನೋಡುತ್ತಿದ್ದಂತೆಯೇ ಎರಡು ಕೆಂಪು ಗುಳಿಗೆ ಶೇಂಗಾದೊಳಗೆ ಬಿದ್ದವು.

"ಏನಲೇ ಅದು?"

ಅವಳು ಬೆಚ್ಚಿದಳು. "ಕಬ್ಬಿಣದ ಗುಳಿಗಿ. ಮತ್ತೇನ್ ಮಾಡ್ಲಿ? ಕೈಯಾಗ ಕೊಟ್ರ ಹಿತ್ತಲಿಗೆ ಒಗೀತೀರಿ. ದಿನಾ ಸೊರಗಾಕತ್ತೀರಿ. ನಾಕು ತಿಂಗಳಿಂದ ಹಿಂಗ ಹಾಕಾಕತ್ತೀನಿ."

ಅಂಬಪ್ಪ ಹೊಸ್ತಿಲ ಮೇಲೇ ಕೂತ. ಡಾಕ್ಟರು ಇಂಜೆಕ್ಷನ್ ಇಳಿಸಿದರು, ಇವನು ಸೊರಗಿದ, ಇವಳು ಗುಳಿಗೆ ಹಾಕಿದಳು, ರಕ್ತ ಏರಿತು, ಡಾಕ್ಟರು ಮತ್ತೆ ಇಳಿಸಿದರು. ಸಿಟ್ಟೇನೋ ಬಂತು. ಯಾರ ಮೇಲೆ ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಪಕ್ಕಡು, ಸ್ಕ್ರೂಡ್ರೈವರು ಇಡುವ ಚೀಲದ ತಳದಿಂದ ಆಸ್ಪತ್ರೆಯ ಫೈಲು ತೆಗೆದು ಅವಳ ಮುಂದಿಟ್ಟ.

ಗದ್ದೆಮ್ಮ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿದಳು. ಇಂಥ ಕಾಗದ ಅವಳಿಗೆ ಹೊಸದಲ್ಲ.

"ಎರಡು ವರ್ಷ" ಎಂದಳು. "ಊರಾಗಿನ ಹೆಣ್ಮಕ್ಕಳು ಹಡದವ್ವಗ ಹೇಳದ್ದು ನನ್ನ ಮುಂದ ಹೇಳ್ತಾರ. ನನ್ನ ಮನ್ಯಾಗ ನನಗ ಹೇಳೋರಿಲ್ಲ."

"ಹೆಂಗ ಹೇಳ್ಲಿ ಗದ್ದಿ? ನಾಚಿಕಿ ಆತು."

"ಮತ್ತ ಗ್ವಾಡಿಗೆ ಮಾರಿ ಮಾಡಿ ಮಲಗಾಕತ್ತಿದ್ರಿ. ನಿಮಗ ರಕ್ತ ಕಡಿಮಿ ಆಗೈತೋ, ನಾನ ಬ್ಯಾಡಾಗೀನೋ, ಒಂದೂ ತಿಳೀಲಿಲ್ಲ ನನಗ." ಅವಳು ಫೈಲು ಮುಚ್ಚಿದಳು. "ರಕ್ತಕ್ಕಾದ್ರ ನನ್ನ ಹತ್ರ ಗುಳಿಗಿ ಇತ್ತು. ಅದನ್ನ ಹಾಕಿದೆ."

ತನ್ನ ನಾಚಿಕೆ ಇವಳಿಗೆ ಇಷ್ಟು ನೋವು ಕೊಟ್ಟಿದ್ದು ಅವನಿಗೆ ಗೊತ್ತೇ ಇರಲಿಲ್ಲ.

ಗದ್ದೆಮ್ಮ ಕುಟ್ಟಿದ ಹಿಂಡಿಯನ್ನೆಲ್ಲ ಬಳಿದು ಕಸದ ಬುಟ್ಟಿಗೆ ಹಾಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಫೈಲಿನಲ್ಲಿ ಮುಂದಿನ ತಾರೀಖು ಹುಡುಕಿದಳು.

"ಈ ಸಲ ನಿಮ್ಮ ಮಸ್ಕಿ ಕೆಲಸಕ್ಕ ನಾನೂ ಬರ್ತೀನಿ" ಎಂದಳು. "ನನಗಂತೂ ಬಸ್ ಫ್ರೀ ಐತಿ."